ಕೆಂಪು ದೀಪ ಬಂದೈತಿ

ಸರ್ಕಾರಿ ವಾಹನಗಳ ದುರಸ್ತಿಗೆ ಮಂಜೂರಾತಿ ಕೊಡುವ ಜಿಲ್ಲಾ ಅಧಿಕಾರಿಗಳಿಗೆ

ಮಾನ್ಯರೇ,

ಮೊದಲು ಖರ್ಚು ಬರೆದುಕೊಳ್ಳಿ. ಸಣ್ಣ ಬಲ್ಬು ಮೂರು, ಒಂದಕ್ಕೆ ಎರಡು ರೂಪಾಯಿ ಹತ್ತು ಪೈಸೆಯಂತೆ ಆರು ರೂಪಾಯಿ ಮೂವತ್ತು ಪೈಸೆ. ಅವನ್ನು ಕೂಡಿಸಲು ಮೂರು ಸಲ, ಕೊನೆಗೆ ಕಿತ್ತುಹಾಕಲು ಒಂದು ಸಲ, ನನ್ನ ಕೂಲಿ ಹನ್ನೆರಡು ರೂಪಾಯಿ. ದವಾಖಾನೆಗೂ ತಮ್ಮ ಕಚೇರಿಗೂ ನಡುವೆ ಓಡಾಡಿದ ಕಾಗದ ಹನ್ನೊಂದು. ಅಮಾನತಾದ ಡ್ರೈವರ್ ಗುತ್ತೆಪ್ಪನ ತಡೆಹಿಡಿದ ಅರ್ಧ ಪಗಾರ, ಇಂದಿಗೆ ಅರವತ್ತೇಳು ದಿನದ್ದು. ಒಂದು ಕೂಸು. ಕೂಸಿನ ಮುಂದೆ ಯಾವ ಅಂಕಿ ಹಾಕಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ. ತಮಗೆ ತಿಳಿದರೆ ತುಂಬಿಕೊಳ್ಳಿ.

ಬರುವ ಡಿಸೆಂಬರ್ ಹನ್ನೆರಡಕ್ಕೆ ತಾವು ಗುತ್ತೆಪ್ಪನ ವಿಚಾರಣೆ ಇಟ್ಟುಕೊಂಡಿದ್ದೀರಿ. ದವಾಖಾನೆಯ ಜೀಪಿನ ದೋಷವನ್ನು ಮೇಲಿನವರಿಗೆ ತಿಳಿಸದೆ ಕರ್ತವ್ಯಲೋಪ ಮಾಡಿದನೆಂಬುದು ಅವನ ಮೇಲಿನ ಆರೋಪ. ಅದು ಸಾಬೀತಾದರೆ ಹದಿನಾಲ್ಕು ವರ್ಷದ ನೌಕರಿ ಹೋಗುತ್ತದೆ. ಅವನು ತಿಳಿಸಿದ್ದಾನೆ. ಒಂದಲ್ಲ, ಮೂರು ಸಲ ತಿಳಿಸಿದ್ದಾನೆ. ತಮ್ಮದೇ ಸುತ್ತೋಲೆಯಂತೆ ಕನ್ನಡದಲ್ಲೇ ತಿಳಿಸಿದ್ದಾನೆ. ತಮ್ಮ ಕಚೇರಿಗೆ ಅದನ್ನು ಓದಲು ಬರಲಿಲ್ಲ. ಈ ಪತ್ರದ ವಿಷಯ ಇಷ್ಟೇ. ಉಳಿದದ್ದು ರುಜುವಾತು.

ಇದನ್ನು ಹೇಳಲು ನೀನು ಯಾರು ಎಂದು ಕೇಳಬಹುದು. ನಾನು ಬಂದೇಸಾಬ. ಏಳನೆಯ ಇಯತ್ತೆ ಪಾಸು, ಎಂಟನೆಯದಕ್ಕೆ ಹೋದವನಲ್ಲ. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಐದು ವರ್ಷ ಬ್ಯಾಟರಿಗಳಿಗೆ ನೀರು ಹಾಕುತ್ತ, ಬೈಸಿಕೊಳ್ಳುತ್ತ ಗಾಡಿಯ ಕರೆಂಟಿನ ಕೆಲಸ ಕಲಿತೆ. ಹಾನಗಲ್ಲ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಶಿಗ್ಗಾಂವಿಯ ಲಾರಿ, ಸವಣೂರಿನ ಟ್ಯಾಕ್ಸಿ, ಹಿರೇಕೆರೂರಿನ ಟ್ರ್ಯಾಕ್ಟರು, ಯಾವುದರ ಹಾರ್ನು ಕೂಗದಿದ್ದರೂ ನನ್ನ ಬಾಗಿಲಿಗೆ ಬರುತ್ತದೆ. ಪುಕ್ಕಟೆ ಕೆಲಸ ಮಾಡುವುದಿಲ್ಲ, ಮಾಡಿದ ಕೆಲಸ ಬರೆದಿಡದೆ ಬಿಡುವುದಿಲ್ಲ. ಈ ಎರಡನೆಯ ಚಟದಿಂದ ತಮಗೆ ಇವತ್ತು ಪತ್ರ ಬರೆಯಲು ಅನುಕೂಲವಾಗಿದೆ. ಮೊದಲನೆಯ ಚಟದ ವಿಷಯ ಮುಂದೆ ಬರುತ್ತದೆ.

ಜೀಪು ಯಾವ ಊರಿನ ದವಾಖಾನೆಯದೆಂದು ಬರೆಯುವುದಿಲ್ಲ. ತಮಗೆ ಗೊತ್ತಿದೆ. ಪತ್ರಿಕೆಗೂ ಇದರ ನಕಲು ಕಳಿಸುತ್ತಿದ್ದೇನೆ, ಅಲ್ಲಿ ಓದುವ ಮಂದಿಗೆ ಗೊತ್ತಾದರೆ ಆ ದವಾಖಾನೆಯ ನರ್ಸ್ ಬಾಯಿಗೂ ಒಂದು ನೋಟಿಸು ಹೋದೀತು. ಆಕೆಯ ಹತ್ತಿರ ಈಗಾಗಲೇ ಎರಡಿವೆ.

ಇನ್ನು ಆ ದೀಪದ ಸಂಗತಿ. ಜೀಪಿನ ಮೀಟರ್ ಬೋರ್ಡಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಕೆಂಪು ದೀಪವಿದೆ. ಚಾವಿ ತಿರುಗಿಸಿದರೆ ಹೊತ್ತುತ್ತದೆ, ಎಂಜಿನ್ ಸುರುವಾದ ಕೂಡಲೇ ಆರುತ್ತದೆ. ಆರಿದ್ದರೆ ಕ್ಷೇಮ. ಓಡುವ ಗಾಡಿಯಲ್ಲಿ ಅದು ಹೊತ್ತಿತೆಂದರೆ ಡೈನಮೋ ಬ್ಯಾಟರಿಗೆ ಊಟ ಹಾಕುವುದನ್ನು ನಿಲ್ಲಿಸಿದೆ ಎಂದರ್ಥ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಬ್ಯಾಟರಿ ಬೇಕು. ಉಪವಾಸದ ಬ್ಯಾಟರಿ ಒಂದಷ್ಟು ಮೈಲಿ ಎಳೆದು, ಎಲ್ಲಿ ಅದರ ಜೀವ ಮುಗಿಯಿತೋ ಅಲ್ಲಿ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಮನೆಯ ದೀಪ ಆರಿದರೆ ನಾವು ‘ಶಾಂತ ಆತು’ ಎಂದು ಮೆಲ್ಲಗೆ ಹೇಳುವ ಜನ. ಈ ದೀಪದ ರೀತಿ ತಿರುಗಾಮುರುಗಾ: ಇದು ಹೊತ್ತಿದಾಗ ಹೆದರಬೇಕು. ಹೊಸ ಡ್ರೈವರುಗಳಿಗೆ ಇದನ್ನು ತಲೆಗೆ ಹಾಕಲು ವಾರ ಹಿಡಿಯುತ್ತದೆ. ತಮ್ಮ ಕಚೇರಿಗೆ ಎಷ್ಟು ವಾರ ಬೇಕೋ ಅಂದಾಜಿಲ್ಲ.

ಕಳೆದ ಮೇ ತಿಂಗಳಲ್ಲಿ ಸುತ್ತೋಲೆ ಬಂತು: ವಾಹನದ ದಿನಚರಿ ಪುಸ್ತಕವನ್ನು ಇನ್ನು ಮುಂದೆ ಕನ್ನಡದಲ್ಲೇ ಬರೆಯತಕ್ಕದ್ದು. ನನಗೆ ಸಂತೋಷವಾಯಿತು. ಗುತ್ತೆಪ್ಪನಿಗೆ ಇನ್ನೂ ಹೆಚ್ಚು. ಅಲ್ಲಿಯ ತನಕ ಅವನು ಹಳೆಯ ಪುಟಗಳ ಇಂಗ್ಲಿಷನ್ನು ರಂಗೋಲಿಯಂತೆ ನೋಡಿ ನಕಲು ಮಾಡುತ್ತಿದ್ದ. ಎಂಜಿನ್ ಆಯಿಲ್ ಸೋರಿದರೂ ಟೈರ್ ಸವೆದರೂ ಒಂದೇ ಸಾಲು. ಈಗ ತನ್ನ ಮಾತಿನಲ್ಲಿ ಬರೆಯಬಹುದೆಂದು ಅಕ್ಕಿಆಲೂರಿನ ಸಂತೆಯಲ್ಲಿ ಹೊಸ ಪೆನ್ನು ಕೊಂಡ. ಕನ್ನಡ ಎಂದಿತ್ತು ಸುತ್ತೋಲೆ. ಯಾವ ಸೀಮೆಯ ಕನ್ನಡ ಎಂದು ಇರಲಿಲ್ಲ. ಇರಬೇಕಿತ್ತೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಜೂನ್ ಹದಿಮೂರನೆಯ ತಾರೀಖು ಅವನು ಬರೆದ ಸಾಲು ಇದು: ‘ಕೆಂಪು ದೀಪ ಬಂದೈತಿ. ದುರಸ್ತಿ ಆಗಬೇಕು.’

ಹನ್ನೆರಡು ದಿನಕ್ಕೆ ತಮ್ಮ ಮಂಜೂರಾತಿ ಬಂತು: ಬಲ್ಬು ಒಂದು, ಬದಲಾಯಿಸತಕ್ಕದ್ದು. ಜೀಪು ತಂದು ನಿಲ್ಲಿಸಿದ ಗುತ್ತೆಪ್ಪನನ್ನು ಕೇಳಿದೆ, “ಬಲ್ಬಿಗೇನ ಆಗೈತೋ ಮಾರಾಯ? ಚಲೋ ಹತ್ತಾಕತ್ತೈತಲ್ಲ.”

“ನನಗೇನ ಗೊತ್ತರಿ ಮಿಸ್ತ್ರಿ. ದೊಡ್ಡವರು ಬಲ್ಬು ಅಂದಾರ. ಅವರು ಕಲತವರು.”

“ಅಲ್ಲೇ ಕುಂತು ಕಂಡಾರಂದ್ರ ಖರೇನ ಕಲತವರು ಬಿಡು.”

ನಿಂತ ಜೀಪಿನಲ್ಲಿ ಎಂಜಿನ್ ಸುರು ಮಾಡಿ ನೋಡಿದೆ. ದೀಪ ಹೊತ್ತಿತು, ಆರಿತು, ಎಲ್ಲ ಸರಿ. ಎಲ್ಲಿಯೋ ಒಂದು ಕಡೆ ಕರೆಂಟು ಸೋರುತ್ತಿದೆ, ಗಾಡಿ ಓಡುವಾಗ ಮಾತ್ರ ತೋರಿಸುತ್ತದೆ ಎಂದು ಅನುಮಾನ ಬಂತು. ಆದರೆ ಮಂಜೂರಾತಿಯಲ್ಲಿ ಇದ್ದದ್ದು ಬಲ್ಬು. ಎರಡು ವರ್ಷದ ಹಿಂದೆ ಇದೇ ಜೀಪಿನ ವೈಪರನ್ನು ಹೇಳದೆ ಕೇಳದೆ ಸರಿ ಮಾಡಿದ್ದಕ್ಕೆ ‘ಅನಧಿಕೃತ ಕೆಲಸ’ ಎಂದು ಬಿಲ್ಲು ತಿರುಗಿ ಬಂದಿತ್ತು. ಚಲೋ ಬಲ್ಬು ತೆಗೆದು ಇನ್ನೊಂದು ಚಲೋ ಬಲ್ಬು ಹಾಕಿದೆ. ಮೂರು ರೂಪಾಯಿ ಕೂಲಿ ತೆಗೆದುಕೊಂಡೆ. ಐದು ರೂಪಾಯಿಯೊಳಗಿನ ಹಳೆಯ ಸಾಮಾನು ಮರಳಿಸಬೇಕಿಲ್ಲ ಎಂಬುದು ತಮ್ಮದೇ ನಿಯಮ, ಹಾಗಾಗಿ ತೆಗೆದ ಬಲ್ಬನ್ನು ಖಾನೆಯಲ್ಲಿಟ್ಟೆ.

ಜುಲೈಯಲ್ಲಿ ಅವನು ಬರೆದ: ‘ಕೆಂಪು ದೀಪ ಮತ್ತ ಬಂದೈತಿ.’ ಮಂಜೂರಾತಿ: ಬಲ್ಬು ಒಂದು. ಆಗಸ್ಟಿನಲ್ಲಿ ಬರೆದ: ‘ಮುಂಜಾನಿಂದ ಕೆಂಪು ದೀಪ ಬಂದೈತಿ, ಲಗೂ ನೋಡ್ರಿ.’ ಮಂಜೂರಾತಿ: ಬಲ್ಬು ಒಂದು. ಮೂರನೆಯ ಸಲ ನಾನು ಸುಮ್ಮನಿರಲಾರದೆ ಅವನ ಪಕ್ಕದಲ್ಲಿ ಕುಳಿತು ಅಕ್ಕಿಆಲೂರಿನ ದಾರಿ ಹಿಡಿಸಿದೆ. ಮಳೆಗೆ ರಸ್ತೆ ಕಿತ್ತು ಹೋಗಿತ್ತು. ಸಪಾಟು ಇದ್ದಲ್ಲಿ ದೀಪ ಆರಿಯೇ ಇರುತ್ತಿತ್ತು. ಗಾಲಿ ತಗ್ಗಿಗೆ ಬಿದ್ದೊಡನೆ ಹೊತ್ತುತ್ತಿತ್ತು, ಕೆಲವು ಸಲ ಎರಡು ಮೂರು ಮೈಲಿ ಹೊತ್ತೇ ಇರುತ್ತಿತ್ತು. ಡೈನಮೋದಿಂದ ಬರುವ ತಂತಿ ಎಲ್ಲಿಯೋ ಮೈ ಉಜ್ಜಿಕೊಂಡು ಬೆತ್ತಲೆಯಾಗಿ, ಗಾಡಿ ಕುಣಿದಾಗ ತಗಡಿಗೆ ತಾಗುತ್ತಿದೆ ಎಂಬುದು ಅಲ್ಲಿಗೆ ಪಕ್ಕಾ ಆಯಿತು. ತಾಗಿದಷ್ಟು ಹೊತ್ತು ಬ್ಯಾಟರಿಗೆ ಉಪವಾಸ. ಹುಡುಕಲು ಮುಂದಿನ ಸೀಟು, ನೆಲದ ತಗಡು ಬಿಚ್ಚಬೇಕು, ಅರ್ಧ ದಿನದ ಕೆಲಸ. ಕೂಲಿ ಹದಿನೈದು, ರಬ್ಬರ್ ಬಿಲ್ಲೆ ಮತ್ತು ಟೇಪಿಗೆ ಒಂದು ಅರವತ್ತು, ಒಟ್ಟು ಹದಿನಾರು ರೂಪಾಯಿ ಅರವತ್ತು ಪೈಸೆಯ ಅಂದಾಜು ಬರೆದು, ನನ್ನ ಖರ್ಚಿನಲ್ಲೇ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ದುರಸ್ತಿ ಕಡತ ನೋಡುವ ಗುಮಾಸ್ತರು ಸಿಕ್ಕರು. ಕೆಟ್ಟವರಲ್ಲ, ಕುಳಿತುಕೊಳ್ಳಲು ಸ್ಟೂಲು ಕೊಟ್ಟರು. ಮಾತಿನ ಮೇಲೆ ಮೈಸೂರು ಕಡೆಯವರೆಂದು ತಿಳಿಯಿತು.

“ಏನ್ರೀ ಇದು, ತಿಂಗಳಿಗೊಂದು ಬಲ್ಬು ನುಂಗುತ್ತಲ್ಲ ನಿಮ್ಮ ಜೀಪು” ಎಂದರು.

“ಬಲ್ಬಿನ ಮಾತಲ್ರಿ ಸಾಹೇಬ್ರ, ವಾಯರಿಂಗ್ ಬಿಚ್ಚಿ ನೋಡಬೇಕು.”

“ದೂರು ಇರೋದು ದೀಪದ್ದು. ಈಗ ದೀಪ ಉರೀತಿದೆಯೋ ಇಲ್ಲವೋ, ಅದನ್ನು ಹೇಳಿ.”

“ಉರಿಯಾಕತ್ತೈತ್ರಿ. ಅದ ತ್ರಾಸ.”

ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. “ಉರೀದಿದ್ರೂ ದೂರು, ಉರಿದ್ರೂ ದೂರು. ನಿಮಗೆ ಬೇಕಾಗಿರೋದಾದರೂ ಏನು?”

ಬೇಕಾಗಿದ್ದನ್ನು ಹೇಳಿದೆ. ಡೈನಮೋ, ತಂತಿ, ತಗ್ಗು, ಬ್ಯಾಟರಿ, ಎಲ್ಲವನ್ನೂ. ಅವರು ತಾಳ್ಮೆಯಿಂದಲೇ ಕೇಳಿದರು. ಕಡೆಗೆ, “ಇದೆಲ್ಲ ಡ್ರೈವರ್ ಬರೆದಿಲ್ಲವಲ್ಲ. ಅವನು ಬರೆದದ್ದಕ್ಕೆ ನಾವು ಬಲ್ಬು ಕೊಟ್ಟಿದ್ದೇವೆ. ಅಂದಾಜು ಇಟ್ಟು ಹೋಗಿ, ನೋಡೋಣ” ಎಂದರು. ಅಂದಾಜು ಇಟ್ಟು ಬಂದೆ. ಅವನು ಬರೆದದ್ದನ್ನು ತೋರಿಸಿ ಎಂದು ಕೇಳುವ ಬುದ್ಧಿ ಆ ಕ್ಷಣಕ್ಕೆ ನನಗೆ ಬರಲಿಲ್ಲ. ಬಂದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ನನ್ನ ಕೊನೆಯ ಬಸ್ಸು ಹೊರಡುವುದರಲ್ಲಿತ್ತು.

ಸೆಪ್ಟೆಂಬರ್ ಐದಕ್ಕೆ ಉತ್ತರ ಬಂತು. ಅದನ್ನು ಹಾಗೆಯೇ ಇಳಿಸಿಕೊಂಡಿದ್ದೇನೆ: ‘ಪದೇ ಪದೇ ವೆಚ್ಚಕ್ಕೆ ಕಾರಣವಾಗುತ್ತಿರುವ ಸದರಿ ದೀಪವು ವಾಹನದ ಚಾಲನೆಗೆ ಅವಶ್ಯವಲ್ಲವೆಂದು ಕಂಡುಬಂದಿರುವುದರಿಂದ, ಅದನ್ನು ತೆಗೆದುಹಾಕತಕ್ಕದ್ದು.’ ಅಂದಾಜಿನ ಸುದ್ದಿಯೇ ಇಲ್ಲ. ಕಾವಲುನಾಯಿ ರಾತ್ರಿಯೆಲ್ಲ ಬೊಗಳುತ್ತದೆ ಎಂದು ಅದರ ಬಾಯಿ ಕಟ್ಟಿ, ಕಳ್ಳನ ಕಾಟ ತಪ್ಪಿತೆಂದು ಮಲಗುವವರನ್ನು ನಮ್ಮ ಕಡೆ ಏನೆನ್ನುತ್ತಾರೆಂದು ಬರೆಯುವುದಿಲ್ಲ, ಪತ್ರ ಅಚ್ಚಾಗಬೇಕಿದೆ.

ಆದರೆ ಮಾನ್ಯರೇ, ಬಾಯಿ ಕಟ್ಟಿದ ಕೈ ನನ್ನದು. ದೀಪ ತೆಗೆಯುವಾಗ ಗುತ್ತೆಪ್ಪ ಪಕ್ಕದಲ್ಲೇ ನಿಂತಿದ್ದ. “ಮಿಸ್ತ್ರಿ, ಇದ್ದದ್ದೊಂದು ಕಣ್ಣು ಅದು” ಎಂದ. “ಹುಕುಂ ಐತಪ್ಪ, ನಾ ಏನ ಮಾಡ್ಲಿ” ಎಂದೆ. ಆ ದಿನ ಮಂಗಳವಾರ, ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಸೀಟು ಬಿಚ್ಚಬಹುದಿತ್ತು. ಅರ್ಧ ದಿನದ ಕೂಲಿ ಹದಿನೈದು ರೂಪಾಯಿ ಯಾರು ಕೊಡುತ್ತಾರೆ ಎಂದು ಲೆಕ್ಕ ಹಾಕಿ ಬಿಚ್ಚಲಿಲ್ಲ. ಮೂರು ರೂಪಾಯಿ ಎಣಿಸಿಕೊಂಡೆ. ತಮ್ಮ ತಪ್ಪುಗಳನ್ನು ಬರೆಯುವ ವಹಿಯಲ್ಲಿ ಇದನ್ನು ಬರೆಯದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಅಲ್ಲಿಂದ ಮುಂದೆ ಗುತ್ತೆಪ್ಪ ಹಾರ್ನನ್ನು ನಂಬಿದ. ಪ್ರತಿ ಊರಿನ ಅಗಸಿ ಬಾಗಿಲ ಹತ್ತಿರ ಒಮ್ಮೆ ಒತ್ತುವುದು, ದನಿ ಗಡುಸಾಗಿದ್ದರೆ ಬ್ಯಾಟರಿ ಇದೆ, ಗಂಟಲು ಕಟ್ಟಿದ್ದರೆ ಇಲ್ಲ. ಸೆಪ್ಟೆಂಬರ್ ಇಪ್ಪತ್ತರ ಬೆಳಿಗ್ಗೆ ಹಿರೇಕೆರೂರಿನ ದಾರಿಯ ಒಂದು ಹಳ್ಳಿಗೆ ಹೋಗಿದ್ದ. ಶಾರವ್ವ ಎಂಬ ಹೆಣ್ಣುಮಗಳಿಗೆ ಚೊಚ್ಚಲ ಹೆರಿಗೆ, ಕೂಸು ಅಡ್ಡ ಇದೆ, ದೊಡ್ಡ ದವಾಖಾನೆಗೆ ಒಯ್ಯಬೇಕೆಂದು ನರ್ಸ್ ಬಾಯಿ ಹೇಳಿಕಳಿಸಿದ್ದರು. ಊರು ಮುಟ್ಟುವಾಗ ಹಾರ್ನು ಕೆಮ್ಮಿತು. ಒಮ್ಮೆ ನಿಲ್ಲಿಸಿದರೆ ಮತ್ತೆ ಸುರುವಾಗದೆಂದು ತಿಳಿದು ಎಂಜಿನ್ ನಡೆಸುತ್ತಲೇ ಅವಳನ್ನು ಹತ್ತಿಸಿಕೊಂಡ. ದೋಷವಿರುವ ಗಾಡಿಯನ್ನು ಏಕೆ ಓಡಿಸಿದೆ ಎಂದು ತಮ್ಮ ಆರೋಪಪಟ್ಟಿ ಕೇಳಿದೆ. ಆ ಬಾಗಿಲಲ್ಲಿ ನಿಂತು ಅವನು ಏನು ಹೇಳಬೇಕಿತ್ತು? ‘ತಂಗಿ, ಮಂಜೂರಾತಿ ಬರುವ ತನಕ ತಡಕೋ’ ಎನ್ನಬೇಕಿತ್ತೇ?

ಐದು ಮೈಲಿ ಬಂದು, ಕೆರೆಯ ಏರಿ ದಾಟಿದ ಮೇಲೆ ಜೀಪು ನಿಂತಿತು. ಬೆಳಗಿನ ಹನ್ನೊಂದು ಗಂಟೆ, ಜಿಟಿಜಿಟಿ ಮಳೆ. ಗುತ್ತೆಪ್ಪ ಮತ್ತು ಅವಳ ಅತ್ತೆ ಭರಮವ್ವ ಕೆಸರಿನಲ್ಲಿ ಜೀಪು ನೂಕಿದರು. ಸತ್ತ ಬ್ಯಾಟರಿಯ ಗಾಡಿ ನೂಕಿದರೆ ಏಳುವುದುಂಟು, ಡೈನಮೋ ಸರಿ ಇದ್ದರೆ. ಇಲ್ಲಿ ಡೈನಮೋದ ಕೈಯೇ ಕಟ್ಟಿತ್ತು. ಒಂದೂವರೆ ತಾಸಿನ ಮೇಲೆ ಅಕ್ಕಿಗಿರಣಿಯ ಲಾರಿ ಬಂತು. ಭತ್ತದ ಚೀಲಗಳ ಮೇಲೆ ಅವಳನ್ನು ಮಲಗಿಸಿ ಒಯ್ದರು. ಶಾರವ್ವ ಉಳಿದಳು. ಗಂಡು ಕೂಸು, ಉಳಿಯಲಿಲ್ಲ. ಒಂದು ತಾಸು ಮೊದಲು ಬಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರಂತೆ.

ಮರುದಿನ ಗುತ್ತೆಪ್ಪನ ಅಮಾನತು ಆಯಿತು. ಅದೇ ದಿನ ನಾನು ಯಾರನ್ನೂ ಕೇಳದೆ ಜೀಪಿನ ಸೀಟು ಬಿಚ್ಚಿದೆ. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬಿಲ್ಲೆ ಉದುರಿತ್ತು. ಉಗುರಿನಷ್ಟಗಲ ತಾಮ್ರ ಹೊಳೆಯುತ್ತಿತ್ತು. ಟೇಪು ಸುತ್ತಿ ಬಿಲ್ಲೆ ಕೂಡಿಸಿದೆ. ಬಿಲ್ಲು ಬರೆಯಲಿಲ್ಲ.

ಅಕ್ಟೋಬರಿನಲ್ಲಿ ಆರೋಪಪಟ್ಟಿ ಬಂತು. ಗುತ್ತೆಪ್ಪ ಅಂಗಡಿಗೆ ತಂದು, “ಓದಿ ಹೇಳ್ರಿ ಮಿಸ್ತ್ರಿ, ಈ ಕಚೇರಿ ಮಾತು ನನಗ ತಿಳಿಯೂದಿಲ್ಲ” ಎಂದ. ಗಟ್ಟಿಯಾಗಿ ಓದಿದೆ. ಮೂರನೆಯ ಪರಿಚ್ಛೇದಕ್ಕೆ ಬಂದಾಗ ನಿಂತೆ: ‘ಸದರಿ ಚಾಲಕರು ಮೂರು ಬಾರಿಯೂ ಕೆಂಪು ದೀಪ ಬಂದ್ ಇದೆ ಎಂದಷ್ಟೇ ವರದಿ ಮಾಡಿದ್ದು, ದೀಪ ಹೊತ್ತಿಕೊಂಡ ಬಗ್ಗೆ ವರದಿ ಮಾಡಿರುವುದಿಲ್ಲ.’

“ಬಂದ್ ಐತಿ ಅಂತ ಯಾವಾಗ ಬರದ್ಯೋ?”

“ಎಲ್ಲಿ ಬಂದ್ರಿ? ಬಂದೈತಿ ಅಂತ ಬರದೇನಿ.”

“ಅದನ್ನ ಕೇಳಾಕತ್ತೇನಿ. ಬಂದ್ ಐತಿ ಅಂತ...”

“ಬಂದ್ ಅಲ್ರಿ. ಬಂದೈತಿ, ಬಂದೈತಿ. ದೀಪ ಬಂದೈತಿ.”

ಆಗ ನನಗೆ ಹೊಳೆಯಿತು. ಆಮೇಲೆ ನಾನು ಕಾಗದದ ಮೇಲೆ ಎರಡನ್ನೂ ಬರೆದೆ. ‘ಬಂದು’ ‘ಐತಿ’ ಕೂಡಿದರೂ ಬಂದೈತಿ, ‘ಬಂದ್’ ‘ಐತಿ’ ಕೂಡಿದರೂ ಬಂದೈತಿ. ಸಾಲಿಯಲ್ಲಿ ಮಾಸ್ತರರು ಸಂಧಿ ಎಂದು ಬಡಿದು ಕಲಿಸಿದ್ದು ಇದನ್ನೇ ಇರಬೇಕು. ತಮ್ಮ ಕಚೇರಿ ಸಂಧಿ ಬಿಡಿಸಿತು, ತಪ್ಪು ಕಡೆ ಬಿಡಿಸಿತು. ದೀಪ ಹೊತ್ತಿದೆ ಎಂದು ಇವನು ಕೂಗುತ್ತಿದ್ದ, ಹೊತ್ತುತ್ತಿಲ್ಲ ಎಂದು ಅಲ್ಲಿ ಕೇಳಿಸುತ್ತಿತ್ತು, ಬಲ್ಬು ಬರುತ್ತಿತ್ತು.

ಒಪ್ಪುತ್ತೇನೆ, ಒಂದು ಸಲ ಯಾರಿಗಾದರೂ ತಪ್ಪೀತು. ನನ್ನ ಹೆಸರನ್ನೇ ತಮ್ಮವರ ರೀತಿ ಬಿಡಿಸಿದರೆ ನಾನೂ ಬಂದ್ ಬಿದ್ದ ಸಾಬನೇ. ಆದರೆ ‘ಮತ್ತ ಬಂದೈತಿ’ ಎಂದಾಗ? ‘ಲಗೂ ನೋಡ್ರಿ’ ಎಂದು ಅವಸರಿಸಿದಾಗ? ಹೊಸ ಬಲ್ಬು ತಿಂಗಳಿಗೊಮ್ಮೆ ಸಾಯುವುದಾದರೂ ಹೇಗೆಂದು ಒಬ್ಬರಾದರೂ ಕೇಳಬಾರದಿತ್ತೇ? ದೀಪ ಹೊತ್ತದಿದ್ದರೆ ನಮ್ಮ ನಾಲ್ಕು ತಾಲೂಕಿನಲ್ಲಿ ‘ದೀಪ ಹತ್ತವಲ್ದು’ ಎನ್ನುತ್ತಾರೆ. ‘ದೀಪ ಬಂದ್ ಐತಿ’ ಎಂದು ಇಲ್ಲಿನವರು ಯಾರೂ ಬರೆಯುವುದಿಲ್ಲ. ತಮ್ಮ ಬಾಗಿಲಲ್ಲಿ ಕುಳಿತಿರುವ ಜವಾನ ಸವಣೂರಿನವನು. ಅವನಿಗೆ ತೋರಿಸಿದ್ದರೆ ಮುಗಿಯುತ್ತಿತ್ತು. ಜವಾನನನ್ನು ಕೇಳಿ ಕಡತ ಓದುವುದು ಯಾವ ನಿಯಮದಲ್ಲೂ ಇಲ್ಲ ಎಂಬುದು ನನಗೂ ಗೊತ್ತು.

ಸಾಕ್ಷಿ ಹೇಳುತ್ತೀರಾ ಎಂದು ಕೇಳಲು ನಾವಿಬ್ಬರೂ ಭರಮವ್ವನ ಮನೆಗೆ ಹೋದೆವು. ಗುತ್ತೆಪ್ಪ ಹೊರಗೇ ನಿಂತ. ಅವನ ಮುಖ ನೋಡಿ ಆಕೆ ಬೈಯುತ್ತಾಳೆಂದುಕೊಂಡಿದ್ದೆ. “ಒಳಗ ಬಾರಪ್ಪ. ಕೆಸರಾಗ ನನ್ನ ಕೂಡ ನೂಕಿದಾಂವ ನೀನ” ಎಂದು ಕರೆದಳು. ಶಾರವ್ವ ಗೋಡೆ ಕಡೆ ಹೊರಳಿ ಮಲಗಿದ್ದಳು, ಏಳಲಿಲ್ಲ. ಬಂದೈತಿಯ ಕಥೆ ಹೇಳಿದೆ. ಮುದುಕಿ ಎರಡು ಸಲ ಹೇಳಿಸಿ ಕೇಳಿದಳು.

“ಅಲ್ಲೋ ಸಾಬ, ಆವತ್ತು ನರಸಬಾಯಿಗೆ ನಾನೂ ಇದನ್ನ ಹೇಳಿ ಕಳಿಸಿದ್ದೆ. ಸ್ವಸಿಗೆ ಬ್ಯಾನಿ ಬಂದೈತಿ ಅಂತ. ಆ ಬಾಯಿ ಬ್ಯಾನಿ ಬಂದ್ ಆತು, ಇನ್ನ ಹೋಗೂದು ಬ್ಯಾಡ ಅಂತ ಮನ್ಯಾಗ ಕುಂತಳೇನು? ಓಡಿಕೋಂತ ಬಂದ್ಲು. ತಿಳಿಲಿಲ್ಲಂದ್ರ ಕೇಳಬೇಕು. ಕೇಳಿದ್ರ ಅವರ ಬಾಯಿ ಸವೀತಿತ್ತೇನು?”

ನನ್ನ ಇಷ್ಟು ಪುಟಗಳ ವಾದ ಆ ಮುದುಕಿಗೆ ನಾಲ್ಕು ಮಾತಿನದಾಯಿತು. ತಮಗೆ ಸಮಯವಿಲ್ಲದಿದ್ದರೆ ಅಷ್ಟನ್ನೇ ಓದಿಕೊಳ್ಳಿ.

ಆದ್ದರಿಂದ ನನ್ನ ಬೇಡಿಕೆ. ಹನ್ನೆರಡನೆಯ ತಾರೀಖು ವಿಚಾರಣೆಯ ಕೋಣೆಯಲ್ಲಿ ಆ ದಿನಚರಿ ಪುಸ್ತಕದ ಮೂರು ಸಾಲುಗಳನ್ನು ನಮ್ಮ ನಾಲ್ಕು ತಾಲೂಕಿನ ಯಾರಿಂದಾದರೂ ಗಟ್ಟಿಯಾಗಿ ಓದಿಸಿ. ತಮ್ಮ ಜವಾನನಾದರೂ ಆದೀತು. ಇಡೀ ಸಾಲು ಬಾಯಲ್ಲಿ ಓದಿದರೆ ನಮ್ಮ ಕಡೆಯವರಿಗೆ ಆ ಮಾತು ಒಂದೇ ಅರ್ಥ ಕೊಡುತ್ತದೆ. ಓದಿದ ಮೇಲೆ ಗುತ್ತೆಪ್ಪನನ್ನು ನೌಕರಿಗೆ ತಿರುಗಿ ತೆಗೆದುಕೊಳ್ಳಿ, ತಡೆದ ಪಗಾರ ಕೊಡಿ. ಮತ್ತೊಂದು, ಜೀಪಿನ ಬೋರ್ಡಿನಲ್ಲಿ ದೀಪವಿದ್ದ ಜಾಗ ಇನ್ನೂ ತೂತಾಗಿಯೇ ಇದೆ. ಅದೇ ಜೀಪು ದಿನಾ ಬಸುರಿಯರನ್ನು ಹೊರುತ್ತಿದೆ. ಬಲ್ಬಿನ ಖರ್ಚು ಬೇಡ, ನನ್ನ ಹತ್ತಿರವಿದೆ. ಹಾಕಲು ಹುಕುಂ ಕೊಡಿ ಸಾಕು. ಹುಕುಂ ಬಾರದಿದ್ದರೂ ಈ ಸಲ ಹಾಕುತ್ತೇನೆ, ಅನಧಿಕೃತವೆಂದು ಬರೆದುಕೊಳ್ಳಿ.

ಕಡೆಗೆ, ಯಾರಿಗೆ ಏನು ದಕ್ಕಿತು ಎಂಬುದರ ಲೆಕ್ಕ. ಸರಿಯಾದ ದುರಸ್ತಿಗೆ ಹದಿನಾರು ಅರವತ್ತು ಬೇಕಿತ್ತು, ತಪ್ಪು ದುರಸ್ತಿಗೆ ಹದಿನೆಂಟು ಮೂವತ್ತು ಹೋಯಿತು. ಹೀಗಾಗಿ ಸರ್ಕಾರಕ್ಕೆ ಒಂದು ರೂಪಾಯಿ ಎಪ್ಪತ್ತು ಪೈಸೆ ನಷ್ಟ. ತಮ್ಮ ಕಚೇರಿಗೆ ಮೂರು ಕಡತ ವಿಲೇವಾರಿ ಮಾಡಿದ ಲಾಭ. ಗುತ್ತೆಪ್ಪನಿಗೆ ಒಂದು ಆರೋಪಪಟ್ಟಿ. ಶಾರವ್ವನಿಗೆ ಏನೂ ಇಲ್ಲ. ನನಗೆ ಹನ್ನೆರಡು ರೂಪಾಯಿ, ಜೀಪಿನಿಂದ ತೆಗೆದ ಬಲ್ಬು ನಾಲ್ಕು: ಮೊದಲಿನಿಂದ ಇದ್ದದ್ದೊಂದು, ತಾವು ಮಂಜೂರು ಮಾಡಿದ್ದು ಮೂರು. ನಿನ್ನೆ ಒಂದೊಂದಾಗಿ ಬ್ಯಾಟರಿಗೆ ಹಚ್ಚಿ ನೋಡಿದೆ. ನಾಲ್ಕೂ ಹೊತ್ತುತ್ತವೆ.

ಇಂತಿ,
ಹೇಳಿದಷ್ಟೇ ಕೆಲಸ ಮಾಡಿದ
ಬಂದೇಸಾಬ
ಬಸ್ ಸ್ಟ್ಯಾಂಡಿನ ಹಿಂದೆ, ಹಾನಗಲ್ಲ
೨೭ ನವೆಂಬರ್ ೧೯೮೩